ಪಿ16 ಪಾಸಿಟಿವ್ ಎಂದರೆ ವೈರಸ್‌ನಿಂದ ಬಂದ ಕ್ಯಾನ್ಸರ್ ಎಂದೇ ಅರ್ಥವೇ?

ಪ್ರಶ್ನೆ: ಟಾನ್ಸಿಲ್ ಗಡ್ಡೆಯ ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಪಿ16 ಪಾಸಿಟಿವ್’ ಎಂದಿದೆ. ವೈರಸ್‌ನಿಂದ ಬಂದದ್ದು ಎನ್ನುತ್ತಾರೆ. ತಂಬಾಕಿನಿಂದ ಬರುವ ಕ್ಯಾನ್ಸರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಇಲ್ಲಿ ಹೇಳುವ ವೈರಸ್ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮ ವೈರಸ್). ಪಿ16 ಎಂಬುದು ಆ ವೈರಸ್‌ನ ಭಾಗವಲ್ಲ, ನಮ್ಮದೇ ಜೀವಕೋಶ ತಯಾರಿಸುವ ಪ್ರೋಟೀನು. ಹೆಚ್ಚಿನ ಗೊಂದಲ ಹುಟ್ಟುವುದೇ ಇಲ್ಲಿ.

ಜೀವಕೋಶ ಅಂಕೆ ಮೀರಿ ವಿಭಜನೆಯಾಗದಂತೆ ತಡೆಯುವ ಪ್ರೋಟೀನುಗಳಲ್ಲಿ ಪಿ53 ಮತ್ತು ಆರ್‌ಬಿ ಮುಖ್ಯವಾದವು. ಎರಡೂ ಬಗೆಯ ಕ್ಯಾನ್ಸರ್‌ಗಳಲ್ಲಿ ಈ ಕಾವಲು ಸಾಮಾನ್ಯವಾಗಿ ತಪ್ಪಿರುತ್ತದೆ, ಆದರೆ ತಪ್ಪುವ ದಾರಿ ಬೇರೆ ಬೇರೆ.

ತಂಬಾಕು, ಮದ್ಯದ ಹಿನ್ನೆಲೆಯ ಗಡ್ಡೆಗಳಲ್ಲಿ ಡಿಎನ್‌ಎಯೇ ಕೆಟ್ಟಿರುತ್ತದೆ. ಕ್ಯಾನ್ಸರ್ ಜಿನೋಮ್ ಅಟ್ಲಾಸ್ ಎಂಬ ಸಂಶೋಧನಾ ತಂಡ ತಲೆ-ಕುತ್ತಿಗೆಯ 279 ಗಡ್ಡೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈರಸ್ ಇಲ್ಲದವುಗಳಲ್ಲಿ ಶೇ 80ಕ್ಕೂ ಹೆಚ್ಚಿನವುಗಳಲ್ಲಿ ಪಿ53 ತಯಾರಿಸುವ ಟಿಪಿ53 ಜೀನ್‌ಗೆ ಮ್ಯುಟೇಷನ್ ಆಗಿತ್ತು. ವೈರಸ್ ಇದ್ದ 36 ಗಡ್ಡೆಗಳಲ್ಲಿ ಹಾಗಾಗಿದ್ದದ್ದು ಒಂದರಲ್ಲಿ ಮಾತ್ರ. ಪಿ16 ತಯಾರಿಸುವ ಸಿಡಿಕೆಎನ್2ಎ ಜೀನ್ ಕೂಡ ಮೊದಲ ಗುಂಪಿನ ಅರ್ಧಕ್ಕಿಂತ ಹೆಚ್ಚು ಗಡ್ಡೆಗಳಲ್ಲಿ ನಿಷ್ಕ್ರಿಯವಾಗಿತ್ತು. ಅಂಥ ಗಡ್ಡೆಯಲ್ಲಿ ಪಿ16 ಕಾಣಿಸದಿರುವುದು ಸಹಜ.

ಎಚ್‌ಪಿವಿಯಾದರೋ ಪಿ53, ಆರ್‌ಬಿ ಜೀನ್‌ಗಳನ್ನು ಕೆಡಿಸುವ ಗೋಜಿಗೇ ಹೋಗುವುದಿಲ್ಲ. ಗಂಟಲಿನ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಸಿಗುವುದು ಎಚ್‌ಪಿವಿ 16 ಎಂಬ ಬಗೆ. ಅದರ ಇಡೀ ಜಿನೋಮ್ ಸುಮಾರು 7,900 ಬೇಸ್ ಜೋಡಿಗಳಷ್ಟೆ. ಅದರ ಇ6 ಪ್ರೋಟೀನು ಜೀವಕೋಶದ್ದೇ ಒಂದು ಕಿಣ್ವವನ್ನು ಜೊತೆಗೆ ಕರೆದುಕೊಂಡು ಪಿ53ಗೆ ‘ಇದು ಕಸ’ ಎಂಬ ಗುರುತು ಹಚ್ಚಿಸುತ್ತದೆ. ಜೀವಕೋಶ ಅದನ್ನು ಒಡೆದುಹಾಕುತ್ತದೆ. ಜೀನ್ ಸರಿಯಿದೆ, ಪ್ರೋಟೀನು ಮಾತ್ರ ಉಳಿಯುತ್ತಿಲ್ಲ. ಇ7 ಆರ್‌ಬಿಗೆ ಇದೇ ಗತಿ ಕಾಣಿಸುತ್ತದೆ. ಪಿ16 ಹೆಚ್ಚದಂತೆ ಹಿಡಿದಿಟ್ಟಿದ್ದದ್ದು ಆರ್‌ಬಿ. ಅದು ಹೋದ ಮೇಲೆ ಪಿ16 ಉಕ್ಕುತ್ತದೆ. ಆದರೆ ಪಿ16 ಕೆಲಸ ಮಾಡುವುದೂ ಆರ್‌ಬಿ ಮೂಲಕವೇ. ತಂತಿ ತುಂಡಾದ ಬ್ರೇಕನ್ನು ಎಷ್ಟು ಒತ್ತಿದರೇನು, ಗಾಡಿ ನಿಲ್ಲದು.

ಪ್ರಯೋಗಾಲಯದವರು ನೋಡುವುದು ಪಿ16ರ ಈ ಉಕ್ಕುವಿಕೆಯನ್ನೇ. ಗಡ್ಡೆಯ ತೆಳು ಪದರಕ್ಕೆ ಬಣ್ಣ ಹಾಕಿದಾಗ ಪಿ16 ಇರುವ ಜೀವಕೋಶ ಕಂದು ಬಣ್ಣ ಹಿಡಿಯುತ್ತದೆ. ಶೇ 70 ಅಥವಾ ಹೆಚ್ಚಿನ ಕ್ಯಾನ್ಸರ್ ಜೀವಕೋಶಗಳಲ್ಲಿ, ಕೋಶಕೇಂದ್ರಕ್ಕೂ ಅದರ ಸುತ್ತಲಿನ ದ್ರವ್ಯಕ್ಕೂ ಬಣ್ಣ ಸಾಕಷ್ಟು ಗಾಢವಾಗಿ ಹತ್ತಿದ್ದರೆ ಮಾತ್ರ ಪಾಸಿಟಿವ್. ಅಲ್ಲಲ್ಲಿ ತೇಪೆಯಂತೆ ಹತ್ತಿದರೆ ಸಾಲದು. ಸೂಜಿಯಿಂದ ತೆಗೆದ ಮಾದರಿಗೆ ಈ ಶೇ 70ರ ಅಳತೆಯನ್ನು ಹಾಗೆಯೇ ಹೊಂದಿಸಲಾಗದು, ಅಲ್ಲಿ ಸಿಗುವ ಜೀವಕೋಶಗಳೇ ಕಡಿಮೆ.

ಇನ್ನು ಎಡವುವ ಜಾಗ. ಪಿ16 ಹೊಗೆ, ಬೆಂಕಿಯಲ್ಲ. ಟಾನ್ಸಿಲ್, ನಾಲಿಗೆಯ ಬುಡದಲ್ಲಿ ಈ ಹೊಗೆಯನ್ನು ಬಹುಮಟ್ಟಿಗೆ ನಂಬಬಹುದು. ಕೆನ್ನೆಯ ಒಳಭಾಗ, ಒಸಡು, ಧ್ವನಿಪೆಟ್ಟಿಗೆಗಳಲ್ಲಿ ಬೇರೆ ಕಾರಣಕ್ಕೂ ಪಿ16 ಹೆಚ್ಚುತ್ತದೆ. ಅಲ್ಲಿ ಅದನ್ನು ನೋಡಿ ‘ವೈರಸ್ ಕ್ಯಾನ್ಸರ್, ಗುಣವಾಗುವುದು ಸುಲಭ’ ಎನ್ನುವುದು ತಪ್ಪು. ಟಾನ್ಸಿಲ್‌ನಲ್ಲೂ ಪಿ16ಕ್ಕೂ ವೈರಸ್ ಪರೀಕ್ಷೆಗೂ ತಾಳೆಯಾಗದ ಪ್ರಕರಣಗಳಿವೆ. ರೋಗಿ ಹೆಚ್ಚು ಧೂಮಪಾನ ಮಾಡಿದವರಾಗಿದ್ದರೆ, ಅಥವಾ ಗಡ್ಡೆಯ ರೂಪ ಹೊಂದುತ್ತಿಲ್ಲ ಎನ್ನಿಸಿದರೆ, ವೈರಸ್‌ಗೇ ನೇರ ಪರೀಕ್ಷೆ ಮಾಡಿಸಲು ಕೇಳುವುದು ಒಳ್ಳೆಯದು. ಇ6, ಇ7ರ ಆರ್‌ಎನ್‌ಎ ಹುಡುಕುವ ಪರೀಕ್ಷೆ ವೈರಸ್ ಗಡ್ಡೆಯೊಳಗೆ ಕೆಲಸ ಮಾಡುತ್ತಿದೆಯೇ ಎಂದು ತೋರಿಸುತ್ತದೆ. ಪಿಸಿಆರ್‌ನಲ್ಲಿ ಡಿಎನ್‌ಎ ಸಿಕ್ಕರೆ ಅಷ್ಟು ಖಚಿತವಲ್ಲ. ಸುಮ್ಮನೆ ಬಂದು ಕೂತ ವೈರಸ್ಸೂ ಅದಕ್ಕೆ ಸಿಗುತ್ತದೆ.

ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂದರೆ, ಹಂತದ ಲೆಕ್ಕವೇ ಬದಲಾಗುತ್ತದೆ. ಟಾನ್ಸಿಲ್‌ನಲ್ಲಿ 3 ಸೆಂ.ಮೀ. ಗಡ್ಡೆ, ಅದೇ ಬದಿಯ ಕುತ್ತಿಗೆಯಲ್ಲಿ ಕ್ಯಾನ್ಸರ್ ಹರಡಿದ, ಆದರೆ ಅದು ಹೊರಕವಚ ದಾಟದ ಎರಡು ಸಣ್ಣ ದುಗ್ಧಗ್ರಂಥಿ ಎಂದುಕೊಳ್ಳಿ. ಕ್ಯಾನ್ಸರ್ ಹಂತ ಗುರುತಿಸುವ ಟಿಎನ್‌ಎಂ ವರ್ಗೀಕರಣದ 2017ರ ಎಂಟನೇ ಆವೃತ್ತಿಯಲ್ಲಿ ಪಿ16 ಪಾಸಿಟಿವ್ ಆದರೆ ಅದು 1ನೇ ಹಂತ, ನೆಗೆಟಿವ್ ಆದರೆ 4ಎ. 2010ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರಲ್ಲಿ, ಮೂರು ವರ್ಷದ ನಂತರ ಬದುಕಿದ್ದವರು ಎಚ್‌ಪಿವಿ ಇದ್ದವರಲ್ಲಿ ಶೇ 82.4, ಇಲ್ಲದವರಲ್ಲಿ ಶೇ 57.1. ಆದರೆ ಎಚ್‌ಪಿವಿ ಇದ್ದೂ ಹೆಚ್ಚು ಸಿಗರೇಟು ಸೇದಿದವರಿಗೆ ಈ ಅನುಕೂಲ ಕುಗ್ಗಿತ್ತು. ಗಡಿ 10 ಪ್ಯಾಕ್-ವರ್ಷ, ಅಂದರೆ ದಿನಕ್ಕೆ 20ರಂತೆ ಹತ್ತು ವರ್ಷ.

‘ಹಾಗಾದರೆ ಚಿಕಿತ್ಸೆ ಕಡಿಮೆ ಮಾಡಬಹುದಲ್ಲ?’ ಎಂಬ ಆಸೆ ಸಹಜ. ವಿಕಿರಣದ ಜೊತೆ ಕೀಮೋ ಔಷಧ ಸಿಸ್‌ಪ್ಲಾಟಿನ್ ಬದಲು, ಹಗುರವೆಂದುಕೊಂಡ ಸೆಟುಕ್ಸಿಮ್ಯಾಬ್ ಎಂಬ ಔಷಧ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳಲ್ಲಿ ಸೆಟುಕ್ಸಿಮ್ಯಾಬ್ ಪಡೆದವರ ಫಲಿತಾಂಶ ಕೆಟ್ಟದಾಗಿತ್ತು. ಪ್ರಯೋಗದ ಹೊರಗೆ ಔಷಧ ತಗ್ಗಿಸುವ ಮಾತಿಗೆ ಒಪ್ಪಬೇಡಿ.

ಮೂಗಿನ ಹಿಂಭಾಗದ ಕ್ಯಾನ್ಸರ್ ಮಾತ್ರ ಬೇರೆಯೇ ಲೆಕ್ಕ. ಅಲ್ಲಿ ಸಾಮಾನ್ಯವಾಗಿ ಇರುವ ವೈರಸ್ ಎಪ್‌ಸ್ಟೀನ್-ಬಾರ್. ಅದನ್ನು ಪತ್ತೆ ಮಾಡಲು ಕೇಳಬೇಕಾದದ್ದು ಪಿ16 ಅಲ್ಲ, ‘ಇಬರ್’ ಪರೀಕ್ಷೆ.