ನಿಲುವಳಿ ಸೂಚನೆ: ಸ್ಪೀಕರ್ ನೋಡುವುದು ಏನನ್ನು?

ಮುಂಬೈನ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ಕಾರ್ಯಕ್ರಮ ಮುಗಿಸಿ ಹೊರಡುವಾಗ ಹಿರಿಯರೊಬ್ಬರು ತಡೆದು ನಿಲ್ಲಿಸಿದರು. "ಅಲ್ರೀ, ನೀವು ಸಂಸದರಿಗೆ ನೋಟಿಸು ಬರೆದು ಕೊಡೋರು. ಲೋಕಲ್ ಟ್ರೇನಿಂದ ಜನ ಬಿದ್ದು ಸಾಯ್ತಾನೇ ಇದ್ದಾರೆ. ಇದಕ್ಕಿಂತ ತುರ್ತು ಇನ್ನೇನಿದೆ? ಸ್ಪೀಕರ್ ಯಾಕೆ ಚರ್ಚೆಗೆ ಒಪ್ಪಲ್ಲ?"

ಅವರು ಕೇಳುತ್ತಿದ್ದದ್ದು ನಿಲುವಳಿ ಸೂಚನೆಯ ಬಗ್ಗೆ: ಅಂದಿನ ಕಲಾಪ ನಿಲ್ಲಿಸಿ ಒಂದು ತುರ್ತು ವಿಷಯ ಚರ್ಚಿಸೋಣ ಎಂದು ಸಂಸದರು ಕೊಡುವ ನೋಟಿಸು. ಅವರ ಸಂಕಟ ನನಗೂ ಇದೆ. ಆದರೆ 'ಸಾಯ್ತಾನೇ ಇದ್ದಾರೆ' ಅನ್ನುವ ಆ ಮಾತಿನಲ್ಲೇ ತೊಡಕಿದೆ. ನೋವು ಎಷ್ಟು ದೊಡ್ಡದು ಅನ್ನುವುದಷ್ಟೇ ಇಲ್ಲಿ ಲೆಕ್ಕವಲ್ಲ. ಇವತ್ತಿನ ಕಲಾಪದ ಪಟ್ಟಿ ಬದಿಗಿಟ್ಟು ಇದನ್ನೇ ಎತ್ತಿಕೊಳ್ಳಬೇಕಾ, ನಾಳೆಗೆ ಬಿಟ್ಟರೆ ಆಗದಾ ಎಂದು ಸ್ಪೀಕರ್ ನೋಡುತ್ತಾರೆ. ವರ್ಷಗಟ್ಟಲೆ ನಡೆದು ಬಂದ ಕಷ್ಟ ಎಷ್ಟೇ ಘೋರವಾಗಿದ್ದರೂ ಈ ಬಾಗಿಲಲ್ಲಿ ನುಸುಳುವುದು ಕಷ್ಟ. ಲೋಕಸಭೆಯ ನಿಯಮ ಕೇಳುವುದು ಇತ್ತೀಚೆಗೆ ನಡೆದ, ಖಚಿತವಾದ ಒಂದೇ ವಿಷಯ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೇಲ್ಸೇತುವೆಯಲ್ಲಿ ನಡೆದ ಕಾಲ್ತುಳಿತ ಅಂಥ ಖಚಿತ ಘಟನೆ. 23 ಜನ ಸತ್ತರು. ಆದರೆ ಆಗ ಸಂಸತ್ತು ನಡೆಯುತ್ತಿರಲಿಲ್ಲ. ಚಳಿಗಾಲದ ಅಧಿವೇಶನ ಶುರುವಾಗಿದ್ದು ಡಿಸೆಂಬರ್ 15ಕ್ಕೆ. ಇಂಥ ಸಂದರ್ಭದಲ್ಲಿ ಮೊದಲ ದಿನವೇ ನೋಟಿಸು ಕೊಡಬೇಕು. ತಡ ಮಾಡಿದಷ್ಟೂ 'ತುರ್ತು' ಅನ್ನುವ ಮಾತು ಸಪ್ಪೆಯಾಗುತ್ತದೆ.

ಇನ್ನೊಂದು ಜರಡಿ ಹೊಣೆಯದ್ದು. ವಿಷಯ ಕೇಂದ್ರ ಸರ್ಕಾರದ ಹೊಣೆಗೆ ಸೇರಿರಬೇಕು. ರೈಲ್ವೆ ಸೇರುತ್ತದೆ. ಕಿಂಗ್ಸ್ ಸರ್ಕಲ್‌ನಲ್ಲಿ ಮಳೆನೀರು ನಿಲ್ಲುವುದು ಸೇರುವುದಿಲ್ಲ. ಅದು ಪಾಲಿಕೆಯ ಕೆಲಸ. ಕೋರ್ಟಿನಲ್ಲಿರುವ ವಿಷಯ, ಅದೇ ಅಧಿವೇಶನದಲ್ಲಿ ಆಗಲೇ ಚರ್ಚೆಯಾದ ವಿಷಯ ಕೂಡ ಬರುವಂತಿಲ್ಲ.

ನಮ್ಮಲ್ಲಿ ಕೆಲಸ ಕಲಿಯುತ್ತಿರುವ ಹುಡುಗಿಯೊಬ್ಬಳು, ಡೊಂಬಿವಲಿಯವಳು, ಮೊನ್ನೆ ಒಂದು ಕರಡು ತಂದಳು. ರೈಲು ಹಳಿ ತಪ್ಪಿದ್ದು, ಪರಿಹಾರ ಸಾಲದು ಅನ್ನುವುದು, ಖಾಲಿ ಹುದ್ದೆಗಳು, ಟಿಕೆಟ್ ದರ, ಎಲ್ಲವೂ ಒಂದೇ ಪ್ಯಾರಾದಲ್ಲಿ. "ನೋಡಮ್ಮ, ಇದರಲ್ಲಿ ನಾಲ್ಕು ನೋಟಿಸು ಇವೆ" ಅಂದೆ. "ಎಲ್ಲಾನೂ ನಿಜ ಅಲ್ವಾ ಸರ್?" ಅಂದಳು. ನಿಜವೇ. ಆದರೆ ಒಂದಕ್ಕಿಂತ ಹೆಚ್ಚು ವಿಷಯ ಸೇರಿಸಿದರೆ ಅಷ್ಟಕ್ಕೇ ತಿರಸ್ಕರಿಸಬಹುದು. ಪೆನ್ಸಿಲ್ ಹಿಡಿದು ಒಂದೊಂದೇ ಹೊಡೆದು ಹಾಕಿದೆವು. ಊರು, ತಾರೀಕು, ಹಳಿ ತಪ್ಪಿದ್ದು, ಅದನ್ನು ತಡೆಯುವುದರಲ್ಲಿ ಸರ್ಕಾರ ಸೋತಿದ್ದು, ಇಷ್ಟೇ ಉಳಿಯಿತು. ಎರಡೇ ಸಾಲು. ರಾತ್ರಿಯೇ ದೆಹಲಿಗೆ ಕಳಿಸಿದೆವು. ಸಂಸದರು ಸಹಿ ಮಾಡಿ ಬೆಳಿಗ್ಗೆ 10 ಗಂಟೆಯೊಳಗೆ ಕೊಡಬೇಕಲ್ಲ.

ಎಲ್ಲಾ ಸರಿಯಿದ್ದರೂ ಸ್ಪೀಕರ್ ಹಿಂಜರಿಯುವುದಕ್ಕೆ ಕಾರಣವಿದೆ. ಲೋಕಸಭೆಯಲ್ಲಿ ನಿಲುವಳಿ ಸೂಚನೆ ಗೆದ್ದರೆ ಅದು ಸರ್ಕಾರಕ್ಕೆ ಛೀಮಾರಿ ಹಾಕಿದಂತೆ. ಹಾಗಾಗಿ ಅನುಮತಿ ಸಿಕ್ಕಮೇಲೂ ಯಾರಾದರೂ ಆಕ್ಷೇಪಿಸಿದರೆ 50 ಸದಸ್ಯರು ಎದ್ದು ನಿಲ್ಲಬೇಕು. ಸಾಮಾನ್ಯವಾಗಿ ಸಂಜೆ 4ಕ್ಕೆ ಚರ್ಚೆ ಶುರು, ಕನಿಷ್ಠ ಎರಡೂವರೆ ಗಂಟೆ. 1937ರಿಂದ ಮುಂಬೈ ವಿಧಾನಸಭೆಯ ಸ್ಪೀಕರ್ ಆಗಿದ್ದು, ಮುಂದೆ ಲೋಕಸಭೆಯ ಮೊದಲ ಸ್ಪೀಕರ್ ಆದ ಮಾವಳಂಕರ್ ಅವರ ನಿಲುವು ಈಗಲೂ ಉಳಿದಿದೆ: ಬೇರೆ ದಾರಿಗಳು ಇರುವಾಗ ಇದು ಅಪರೂಪಕ್ಕೆ ಮಾತ್ರ. ಬೆಂಗಳೂರಿನ ಕಲಾಪ ನೋಡುವವರಿಗೆ ಇದು ಗೊತ್ತು. ವಿರೋಧ ಪಕ್ಷ ನಿಲುವಳಿ ಸೂಚನೆ ತಂದರೆ 'ನಿಯಮ 69ರಡಿ ಚರ್ಚಿಸೋಣ', ಅಂದರೆ ಮತಕ್ಕೆ ಹಾಕದೆ ಬರೀ ಚರ್ಚೆ ಮಾಡೋಣ ಎಂದು ಅಲ್ಲಿ ಎಷ್ಟು ಸಲ ಕೇಳಿಲ್ಲ!

ರಾಜ್ಯಸಭೆಯಲ್ಲಿ ನಿಲುವಳಿ ಸೂಚನೆಯೇ ಇಲ್ಲ. ನಿಯಮ 267ರಡಿ ಅಂದಿನ ಕಲಾಪ ಬದಿಗಿಡಿ ಎಂದು ಸಭಾಪತಿಯನ್ನು ಕೇಳಬೇಕು. 2016ರ ನವೆಂಬರ್‌ನಲ್ಲಿ ನೋಟು ರದ್ದತಿಯ ಚರ್ಚೆ ಶುರುವಾಗಿದ್ದು ಹಾಗೆ.

ನನಗೆ ಬೇಸರವಾಗುವುದು ತಿರಸ್ಕಾರದಿಂದಲ್ಲ, ಮೌನದಿಂದ. ರಾತ್ರಿಯೆಲ್ಲಾ ಕೂತು ಬರೆದ ನೋಟಿಸಿಗೆ 'ಯಾವ ಸೂಚನೆಗೂ ಅನುಮತಿ ಕೊಟ್ಟಿಲ್ಲ' ಎಂಬ ಒಂದೇ ಮಾತು ಸಿಗುತ್ತದೆ. ಬೇಕೆನಿಸಿದರೆ ಕಾರಣ ಹೇಳಲು ನಿಯಮದಲ್ಲೇ ಅವಕಾಶವಿದೆ. ಬ್ರಿಟನ್ನಿನಲ್ಲೂ ಸ್ಪೀಕರ್ ಕಾರಣ ಕೊಡಬೇಕಾಗಿಲ್ಲ. ಆದರೆ ಅವರು ಅವಕಾಶ ಕೊಟ್ಟರೆ ಸದಸ್ಯರು ಸದನದಲ್ಲೇ ನಿಂತು, ಯಾಕೆ ತುರ್ತು ಎಂದು ಮೂರು ನಿಮಿಷ ಹೇಳಬಹುದು. ಇಲ್ಲೂ ಆ ಮೂರು ನಿಮಿಷ ಸಿಗಬೇಕು. ಇಲ್ಲ ಅನ್ನುವುದಾದರೆ ಯಾಕೆ ಇಲ್ಲ ಎಂದು ಒಂದು ಸಾಲು ಹೇಳಬೇಕು. ಆ ಒಂದು ಸಾಲು ಗೊತ್ತಾದರೆ ಮುಂದಿನ ನೋಟಿಸನ್ನು ತಿದ್ದಿಕೊಳ್ಳಬಹುದು.

ಆ ಹುಡುಗಿಗೆ ಇನ್ನೊಂದು ಕೆಲಸವನ್ನೂ ಹೇಳಿದ್ದೆ. ಅದೇ ವಿಷಯಕ್ಕೆ ನಿಯಮ 193ರಡಿ, ಅಂದರೆ ಲೋಕಸಭೆಯ ಅಲ್ಪಾವಧಿ ಚರ್ಚೆಗೆ, ಬೇರೆಯೇ ನೋಟಿಸು ಬರೆದಿಡು ಎಂದು. ಅದರಲ್ಲಿ ಮತದಾನ ಇರುವುದಿಲ್ಲ, ಹಾಗಾಗಿ ಸಿಗುವ ಸಂಭವ ಜಾಸ್ತಿ. ಆದರೆ ಅದಕ್ಕೆ ಇನ್ನಿಬ್ಬರು ಸದಸ್ಯರ ಸಹಿ ಬೇಕು. ಬೆಳಿಗ್ಗೆ ಎದ್ದು ಆ ಇಬ್ಬರನ್ನು ಹುಡುಕುತ್ತಾ ಕೂತರೆ ಆಗದು. ಹಿಂದಿನ ರಾತ್ರಿಯೇ ಅವರಿಗೆ ಫೋನ್ ಮಾಡಿ ಹೇಳಿಟ್ಟಿರಬೇಕು.