ಯಂತ್ರ ‘ಮೇಲೇರು’ ಅಂತಿದೆ, ಎಟಿಸಿ ‘ಕೆಳಗಿಳಿ’ ಅಂತಿದೆ: ಪೈಲಟ್ ಯಾರ ಮಾತು ಕೇಳಬೇಕು?

ಓದುಗರ ಪ್ರಶ್ನೆ: ಎರಡು ವಿಮಾನ ಡಿಕ್ಕಿಯಾಗುವ ಹಾಗಿದ್ದರೆ ಎಚ್ಚರಿಸುವ ಯಂತ್ರ ವಿಮಾನದೊಳಗೇ ಇರುತ್ತದಂತೆ. ಅದು ಒಂದು ಹೇಳಿ, ನೆಲದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಎಟಿಸಿಯವರು (ಏರ್ ಟ್ರಾಫಿಕ್ ಕಂಟ್ರೋಲ್) ಇನ್ನೊಂದು ಹೇಳಿದರೆ ಪೈಲಟ್ ಏನು ಮಾಡಬೇಕು? ಎಷ್ಟಾದರೂ ಮನುಷ್ಯನ ಮಾತಿಗೇ ಬೆಲೆ ಜಾಸ್ತಿ ಅಲ್ವಾ?

ಉತ್ತರ: ಯಂತ್ರದ ಮಾತು ಕೇಳಬೇಕು. ಎಟಿಸಿಯವರು ತದ್ವಿರುದ್ಧ ಹೇಳಿದರೂ ಯಂತ್ರ ಹೇಳಿದ್ದನ್ನೇ ಮಾಡಬೇಕು. ಇವತ್ತು ಜಗತ್ತಿನೆಲ್ಲೆಡೆ ಪ್ರಯಾಣಿಕ ವಿಮಾನದ ಪೈಲಟ್‌ಗಳಿಗೆ ಕಲಿಸುವುದು ಇದನ್ನೇ. ಆದರೆ 2002ರವರೆಗೆ ಉತ್ತರ ಇಷ್ಟು ನೇರವಾಗಿರಲಿಲ್ಲ. ಅದು ನೇರವಾಗುವ ಹೊತ್ತಿಗೆ ಒಂದೇ ರಾತ್ರಿಯಲ್ಲಿ 71 ಜನ ಸತ್ತಿದ್ದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ಕಥೆ ಹೇಳದೆ ಈ ಪ್ರಶ್ನೆಗೆ ಉತ್ತರ ಪೂರ್ತಿಯಾಗುವುದಿಲ್ಲ.

ಮೊದಲು ಯಂತ್ರದ ಪರಿಚಯ ಮಾಡಿಕೊಳ್ಳೋಣ. ಅದರ ಹೆಸರು ಟಿಕ್ಯಾಸ್. ಟ್ರಾಫಿಕ್ ಅಲರ್ಟ್ ಅಂಡ್ ಕೊಲಿಷನ್ ಅವಾಯ್ಡೆನ್ಸ್ ಸಿಸ್ಟಮ್ ಅನ್ನೋ ಉದ್ದ ಹೆಸರು ಪೈಲಟ್‌ಗಳ ಬಾಯಲ್ಲಿ ಹೀಗೆ ಚಿಕ್ಕದಾಗಿದೆ. ವಿಮಾನಗಳಲ್ಲಿ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆ ಇರುತ್ತದೆ. ಯಾರಾದರೂ ರೇಡಿಯೋ ಅಲೆಯಲ್ಲಿ ‘ಯಾರಪ್ಪಾ ಅಲ್ಲಿ?’ ಅಂತ ಕೇಳಿದರೆ, ‘ನಾನಿದ್ದೇನೆ, ಇಷ್ಟು ಎತ್ತರದಲ್ಲಿದ್ದೇನೆ’ ಅಂತ ಅದು ಓಗೊಡುತ್ತದೆ. ಟಿಕ್ಯಾಸ್ ಸುತ್ತಮುತ್ತಲಿನ ವಿಮಾನಗಳನ್ನು ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಹೀಗೆ ಕೂಗಿ ಕೇಳುತ್ತಿರುತ್ತದೆ. ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ದೂರ ಲೆಕ್ಕ ಹಾಕುತ್ತದೆ. ಇದರಲ್ಲಿ ನೆಲದ ಮೇಲಿರುವ ಯಾರ ಪಾತ್ರವೂ ಇಲ್ಲ.

ಇನ್ನೊಂದು ಜಾಣತನ ಇದೆ. ಟಿಕ್ಯಾಸ್ ಮುಖ್ಯವಾಗಿ ನೋಡುವುದು ಸಮಯವನ್ನು. ಎದುರಿನ ವಿಮಾನ ಎಷ್ಟು ಕಿಲೋಮೀಟರ್ ದೂರ ಇದೆ ಅನ್ನುವುದಕ್ಕಿಂತ, ಇನ್ನೆಷ್ಟು ಸೆಕೆಂಡಿನಲ್ಲಿ ನಮ್ಮ ಹತ್ತಿರಕ್ಕೆ ಬರುತ್ತದೆ ಅನ್ನುವುದು ಅದಕ್ಕೆ ಮುಖ್ಯ. 1950ರ ದಶಕದಲ್ಲೇ ಬೆಂಡಿಕ್ಸ್ ಕಂಪನಿಯ ಜೆ.ಎಸ್. ಮೊರೆಲ್ ಈ ದಾರಿ ತೋರಿಸಿದ್ದರು.

ಈಗ ಕಾಕ್‌ಪಿಟ್ ಒಳಗೆ ಬನ್ನಿ. ಪರದೆಯ ಮೇಲೆ ದೂರದ ವಿಮಾನ ಒಂದು ಟೊಳ್ಳು ವಜ್ರದ ಗುರುತು. ಹತ್ತಿರ ಬಂದರೆ ಆ ವಜ್ರದೊಳಗೆ ಬಣ್ಣ ತುಂಬುತ್ತದೆ. ಪಕ್ಕದಲ್ಲಿ ಪುಟ್ಟದಾಗಿ +02 ಅಂತಿದ್ದರೆ ನಮಗಿಂತ 200 ಅಡಿ ಮೇಲಿದೆ ಅಂತ ಅರ್ಥ. ಅಪಾಯದ ವಾಸನೆ ಬಂದರೆ ಗುರುತು ಹಳದಿ ದುಂಡಾಗುತ್ತದೆ, ‘ಟ್ರಾಫಿಕ್, ಟ್ರಾಫಿಕ್’ ಅನ್ನುವ ದನಿ ಕೇಳುತ್ತದೆ. ಎರಡೂ ವಿಮಾನ ತೀರಾ ಹತ್ತಿರವಾಗಲು ಆಗ ಉಳಿದಿರುವುದು 20ರಿಂದ 48 ಸೆಕೆಂಡ್. ಅಪಾಯ ಇನ್ನೂ ಹೋಗಿಲ್ಲ ಅಂದರೆ ಗುರುತು ಕೆಂಪು ಚೌಕವಾಗುತ್ತದೆ. ‘ಕ್ಲೈಂಬ್, ಕ್ಲೈಂಬ್’ ಅಥವಾ ‘ಡಿಸೆಂಡ್, ಡಿಸೆಂಡ್’ ಅಂತ, ಅಂದರೆ ಮೇಲೇರು ಅಥವಾ ಕೆಳಗಿಳಿ ಅಂತ ಆಜ್ಞೆ ಬರುತ್ತದೆ. ಇದಕ್ಕೆ ಆರ್‌ಎ, ಅಂದರೆ ರೆಸಲ್ಯೂಷನ್ ಅಡ್ವೈಸರಿ ಅನ್ನುತ್ತಾರೆ. ಉಳಿದಿರುವುದು 15ರಿಂದ 35 ಸೆಕೆಂಡ್. ಏರಿಳಿತದ ವೇಗ ತೋರಿಸುವ ಮೀಟರಿನಲ್ಲಿ ಕೆಂಪು ಪಟ್ಟಿ, ಹಸಿರು ಪಟ್ಟಿ ಮೂಡುತ್ತವೆ. ಮುಳ್ಳನ್ನು ಹಸಿರಿಗೆ ತರಬೇಕು, ಅಷ್ಟೇ. ಪೈಲಟ್ ಐದು ಸೆಕೆಂಡಿನೊಳಗೆ ಕೈ ಹಾಕುತ್ತಾನೆ ಅಂತ ಯಂತ್ರ ಮೊದಲೇ ಲೆಕ್ಕ ಹಿಡಿದಿರುತ್ತದೆ.

ನಾನು ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ಆರ್‌ಎ ಬರುವ ಹೊತ್ತಿಗೆ ಎರಡೂ ವಿಮಾನಗಳ ಟಿಕ್ಯಾಸ್ ಪರಸ್ಪರ ಮಾತಾಡಿಕೊಂಡಿರುತ್ತವೆ. ‘ನಾನು ಮೇಲೆ ಹೋಗ್ತೀನಿ, ನೀನು ಕೆಳಗೆ ಹೋಗು’ ಅಂತ ಒಪ್ಪಂದ ಆಗಿರುತ್ತದೆ. ಕಿರಿದಾದ ಓಣಿಯಲ್ಲಿ ಎದುರುಬದುರು ಸಿಕ್ಕವರನ್ನು ನೋಡಿದ್ದೀರಲ್ಲ? ಇವರು ದಾರಿ ಬಿಡಲು ಒಂದು ಪಕ್ಕಕ್ಕೆ ಸರಿದರೆ ಅವರೂ ಅದೇ ಪಕ್ಕಕ್ಕೆ ಸರಿಯುತ್ತಾರೆ. ನೆಲದ ಮೇಲೆ ಅದು ನಕ್ಕು ಮುಂದೆ ಹೋಗುವ ವಿಷಯ. ಆಕಾಶದಲ್ಲಿ ಹಾಗಾಗಬಾರದು ಅಂತಲೇ ಈ ಒಪ್ಪಂದ. ಹಾಗಾಗಿ ಒಬ್ಬ ಪೈಲಟ್ ತನ್ನ ಯಂತ್ರವನ್ನು ನಂಬುತ್ತಾನೆ ಅಂದರೆ, ಎದುರಿನ ಪೈಲಟ್ ಕೂಡ ಅವನ ಯಂತ್ರವನ್ನು ನಂಬುತ್ತಾನೆ ಅಂತಲೂ ನಂಬಿದ ಹಾಗೆ. ಇಬ್ಬರೂ ನಂಬಿದರೆ ಬಚಾವ್. ಒಬ್ಬ ನಂಬಿ ಇನ್ನೊಬ್ಬ ಬಿಟ್ಟರೆ, ನಂಬಿದವನೂ ಹೋಗುತ್ತಾನೆ.

2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್ಲಿಂಗೆನ್ ಊರಿನ ಮೇಲೆ ಆದದ್ದು ಇದೇ.

ರಷ್ಯಾದ ಟುಪೊಲೆವ್ ವಿಮಾನ ಮಾಸ್ಕೋದಿಂದ ಬಾರ್ಸಿಲೋನಾಕ್ಕೆ ಹೊರಟಿತ್ತು. ಒಳಗೆ 69 ಜನ, ಅವರಲ್ಲಿ ರಜೆಗೆ ಹೊರಟಿದ್ದ ಶಾಲಾಮಕ್ಕಳೇ ಜಾಸ್ತಿ. ಇನ್ನೊಂದು ಸರಕು ಸಾಗಿಸುವ ಬೋಯಿಂಗ್ 757, ಇಟಲಿಯ ಬೆರ್ಗಮೊದಿಂದ ಬ್ರಸೆಲ್ಸ್‌ಗೆ. ಅದರಲ್ಲಿದ್ದವರು ಇಬ್ಬರು ಪೈಲಟ್‌ಗಳು. ಎರಡೂ 36,000 ಅಡಿಯಲ್ಲಿ, ಒಂದರ ದಾರಿಗೆ ಇನ್ನೊಂದು ಅಡ್ಡ. ಅಲ್ಲಿನ ಆಕಾಶವನ್ನು ನೋಡಿಕೊಳ್ಳುತ್ತಿದ್ದದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕೇಂದ್ರ. ಆ ಹೊತ್ತಿನಲ್ಲಿ ಕೆಲಸದಲ್ಲಿದ್ದ ಕಂಟ್ರೋಲರ್, ಅಂದರೆ ಎಟಿಸಿ ಅಧಿಕಾರಿ, ಒಬ್ಬರೇ. ಜೊತೆಯವರು ವಿಶ್ರಾಂತಿಗೆ ಹೋಗಿದ್ದರು. ಅವರೊಬ್ಬರೇ ಎರಡು ಪರದೆ ನೋಡಿಕೊಳ್ಳುತ್ತಿದ್ದರು. ರಿಪೇರಿ ಕೆಲಸ ನಡೆದಿದ್ದರಿಂದ ಡಿಕ್ಕಿಯ ಸೂಚನೆಯನ್ನು ಪರದೆಯ ಮೇಲೆ ತೋರಿಸುವ ವ್ಯವಸ್ಥೆ ಬಂದ್ ಆಗಿತ್ತು. ಮುಖ್ಯ ಫೋನ್ ಲೈನೂ ಇರಲಿಲ್ಲ. ಪಕ್ಕದ ಕಾರ್ಲ್ಸ್‌ರೂಹೆ ಕೇಂದ್ರದವರಿಗೆ ಅಪಾಯ ಕಾಣಿಸಿ ಫೋನ್ ಮಾಡಿದರೆ ಲೈನ್ ಸಿಗಲಿಲ್ಲ. ಈ ಕಂಟ್ರೋಲರ್ ಆಗ ಇನ್ನೊಂದು ಪರದೆಯಲ್ಲಿ, ತಡವಾಗಿ ಇಳಿಯಲು ಬರುತ್ತಿದ್ದ ಬೇರೊಂದು ವಿಮಾನದ ಕೆಲಸದಲ್ಲಿ ಮುಳುಗಿದ್ದರು.

ಅವರು ನೋಡಿದಾಗ ಉಳಿದಿದ್ದದ್ದು ಮುಕ್ಕಾಲು ನಿಮಿಷಕ್ಕೂ ಕಡಿಮೆ. ಕೂಡಲೇ ಟುಪೊಲೆವ್‌ಗೆ ‘ಬೇಗ ಕೆಳಗಿಳಿಯಿರಿ’ ಅಂದರು. ಪೈಲಟ್ ಇಳಿಸಲು ಶುರುಮಾಡಿದರು. ಕೆಲವೇ ಸೆಕೆಂಡಿನಲ್ಲಿ ಅದೇ ವಿಮಾನದ ಟಿಕ್ಯಾಸ್ ‘ಕ್ಲೈಂಬ್, ಕ್ಲೈಂಬ್’ ಅಂದಿತು. ಆ ಕಡೆ ಬೋಯಿಂಗ್‌ನ ಟಿಕ್ಯಾಸ್ ‘ಡಿಸೆಂಡ್’ ಅಂದಿತು. ಬೋಯಿಂಗ್ ಪೈಲಟ್‌ಗಳು ಹೇಳಿದ ಹಾಗೆ ಇಳಿದರು. ಟುಪೊಲೆವ್‌ನ ಸಹಪೈಲಟ್ ‘ಅದು ಮೇಲೆ ಹೋಗು ಅಂತಿದೆ’ ಅಂತ ಹೇಳಿದ್ದು ಕಾಕ್‌ಪಿಟ್ ಧ್ವನಿಮುದ್ರಣದಲ್ಲಿದೆ. ‘ಅವರು ನಮ್ಮನ್ನು ಕೆಳಗೆ ಇಳಿಸುತ್ತಿದ್ದಾರೆ’ ಅನ್ನುವ ಉತ್ತರವೂ ಇದೆ. ಅಷ್ಟರಲ್ಲಿ ಕಂಟ್ರೋಲರ್ ಮತ್ತೊಮ್ಮೆ ಇಳಿಯಲು ಹೇಳಿದರು. ಎದುರಿನ ವಿಮಾನ ಬಲಗಡೆ ಇದೆ ಅಂತಲೂ ಹೇಳಿದರು. ಅದು ನಿಜವಾಗಿ ಇದ್ದದ್ದು ಎಡಗಡೆ. ಎರಡೂ ವಿಮಾನ ಇಳಿಯುತ್ತಲೇ ಹೋದವು. ಸುಮಾರು 34,900 ಅಡಿಯಲ್ಲಿ ಡಿಕ್ಕಿ. 71 ಜನರಲ್ಲಿ ಯಾರೂ ಉಳಿಯಲಿಲ್ಲ.

ಟುಪೊಲೆವ್ ಪೈಲಟ್‌ಗಳು ತಪ್ಪು ಮಾಡಿದರು ಅಂತ ಹೇಳುವುದು ಸುಲಭ. ನನಗೆ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ವೃತ್ತಿಯುದ್ದಕ್ಕೂ ಎಟಿಸಿ ಹೇಳಿದಂತೆ ನಡೆದವರು ಅವರು. ಕಂಟ್ರೋಲರ್ ಮಾತಿನಲ್ಲಿ ಅವಸರ ಇತ್ತು, ನಿಮ್ಮನ್ನು ನೋಡುತ್ತಿದ್ದೇನೆ ಅನ್ನುವ ಭರವಸೆ ಇತ್ತು. ಕಂಪನಿ ಕೊಟ್ಟ ಪುಸ್ತಕದಲ್ಲೂ ಯಾರ ಮಾತು ಮೇಲು ಅನ್ನುವುದು ಸ್ಪಷ್ಟವಿರಲಿಲ್ಲ. ರೇಡಿಯೋದಲ್ಲಿ ಮಾತಾಡುವ ಮನುಷ್ಯ ಒಂದು ಕಡೆ, ಪೆಟ್ಟಿಗೆಯೊಳಗಿನ ದನಿ ಇನ್ನೊಂದು ಕಡೆ ಆದಾಗ ನಾವೂ ನೀವೂ ಯಾರ ಕಡೆ ವಾಲುತ್ತಿದ್ದೆವು? ಆದರೆ ಕಂಟ್ರೋಲರ್ ನೋಡುವ ರೇಡಾರ್ ಚಿತ್ರ ಹಲವು ಸೆಕೆಂಡಿಗೊಮ್ಮೆ ಮಾತ್ರ ಹೊಸದಾಗುತ್ತದೆ. ಟಿಕ್ಯಾಸ್‌ನದ್ದು ಸೆಕೆಂಡಿಗೊಮ್ಮೆ. ಅದಕ್ಕಿಂತ ಹೆಚ್ಚಾಗಿ, ಎದುರಿನ ವಿಮಾನದ ಯಂತ್ರ ಏನು ಹೇಳಿದೆ ಅನ್ನುವುದು ಕಂಟ್ರೋಲರ್‌ಗೆ ಗೊತ್ತೇ ಇರಲಿಲ್ಲ.

ಇದು ಮೊದಲ ಸಲವೂ ಆಗಿರಲಿಲ್ಲ. 2001ರ ಜನವರಿ 31ರಂದು ಜಪಾನಿನ ಸುರುಗಾ ಕೊಲ್ಲಿಯ ಬಳಿ, ತರಬೇತಿಯಲ್ಲಿದ್ದ ಕಂಟ್ರೋಲರ್ ಒಬ್ಬರು ಎರಡು ವಿಮಾನಗಳ ನಂಬರ್ ಅದಲುಬದಲು ಮಾಡಿಕೊಂಡರು. ಒಂದಕ್ಕೆ ಹೇಳಬೇಕಾದ ‘ಇಳಿ’ಯನ್ನು ಇನ್ನೊಂದಕ್ಕೆ ಹೇಳಿದರು. ಆ ವಿಮಾನದ ಟಿಕ್ಯಾಸ್ ‘ಏರು’ ಅಂದರೂ ಪೈಲಟ್ ಇಳಿದರು. ಎದುರಿನವರು ಟಿಕ್ಯಾಸ್ ಹೇಳಿದಂತೆ ಇಳಿದರು. ಕೊನೆಗಳಿಗೆಯಲ್ಲಿ ಕಣ್ಣಿಗೆ ಕಂಡು ತಪ್ಪಿಸಿಕೊಂಡರು. ಎರಡೂ ವಿಮಾನ ಸೇರಿ 677 ಜನ ಇದ್ದರು, ಸುಮಾರು ನೂರು ಜನಕ್ಕೆ ಗಾಯವಾಯಿತು. ಜಪಾನಿನ ತನಿಖಾ ವರದಿ ಹೊರಬಂದದ್ದು 2002ರ ಜುಲೈನಲ್ಲಿ, ಯೂಬರ್ಲಿಂಗೆನ್ ಆಗಿ ಕೆಲವೇ ದಿನಕ್ಕೆ. ಇದನ್ನು ಓದಿದಾಗೆಲ್ಲ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

2003ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಯಮವನ್ನು ಅನುಮಾನಕ್ಕೆ ಎಡೆ ಇಲ್ಲದ ಹಾಗೆ ಬರೆಯಿತು. ಆರ್‌ಎ ಬಂದರೆ ಪಾಲಿಸಿ. ಎಟಿಸಿ ಬೇರೆ ಹೇಳಿದರೂ ಪಾಲಿಸಿ. ಅದರ ವಿರುದ್ಧ ದಿಕ್ಕಿಗಂತೂ ಹೋಗಲೇಬೇಡಿ. ಯಂತ್ರವೂ ಬದಲಾಯಿತು. 7.1 ಅನ್ನುವ ಆವೃತ್ತಿಯಲ್ಲಿ, ಎದುರಿನ ವಿಮಾನ ಮಾತು ಕೇಳದೆ ನಮ್ಮ ದಿಕ್ಕಿಗೇ ಬರುತ್ತಿದ್ದರೆ ಅದನ್ನು ಗುರುತಿಸಿ ನಮ್ಮ ಆಜ್ಞೆಯನ್ನು ತಿರುಗಿಸುವ ಲೆಕ್ಕ ಸುಧಾರಿಸಿತು. ಎಲ್ಲರೂ ನಂಬುತ್ತಾರೆ ಅಂತ ಕೂರಬಾರದು ಅನ್ನುವುದನ್ನು ಯಂತ್ರಕ್ಕೂ ಕಲಿಸಬೇಕಾಯಿತು.

ನಮ್ಮ ದೇಶಕ್ಕೆ ಈ ಯಂತ್ರ ಕಡ್ಡಾಯವಾಗಿ ಬಂದದ್ದೂ ಒಂದು ದುರಂತದ ಬೆನ್ನಿಗೇ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿಯ ಜಂಬೋ ಜೆಟ್ ಮತ್ತು ಕಜಕಸ್ತಾನದ ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಕಜಕ್ ವಿಮಾನ 15,000 ಅಡಿಯಲ್ಲಿ ನಿಲ್ಲಬೇಕಿತ್ತು, ಅದಕ್ಕಿಂತ ಕೆಳಗೆ ಇಳಿದಿತ್ತು. ನಮ್ಮ ಹತ್ತಿರದ ಉದಾಹರಣೆ ಬೇಕಾ? 2018ರ ಜುಲೈ 10ರಂದು ಬೆಂಗಳೂರಿನ ವಾಯುವಲಯದಲ್ಲಿ ಎರಡು ವಿಮಾನ ಹತ್ತಿರ ಬಂದವು. ಒಂದು ಕೊಯಮತ್ತೂರಿನಿಂದ ಹೈದರಾಬಾದಿಗೆ, ಇನ್ನೊಂದು ಬೆಂಗಳೂರಿನಿಂದ ಕೊಚ್ಚಿಗೆ. ಒಟ್ಟು 328 ಪ್ರಯಾಣಿಕರು. ಎತ್ತರದಲ್ಲಿ ಉಳಿದಿದ್ದ ಅಂತರ 200 ಅಡಿ. ಟಿಕ್ಯಾಸ್ ಕೂಗಿತು, ಪೈಲಟ್‌ಗಳು ಕೇಳಿದರು, ಎಲ್ಲರೂ ಊರು ಸೇರಿದರು.

ಹಾಗಾದರೆ ಯಂತ್ರ ಏನು ಹೇಳಿದರೂ ಕಣ್ಣುಮುಚ್ಚಿ ಕೇಳಬೇಕಾ? ಇಲ್ಲ. ಭಾರತ ಮೂಲದ ಮನಃಶಾಸ್ತ್ರಜ್ಞ ರಾಜಾ ಪರಶುರಾಮನ್ ಮತ್ತು ವಿಕ್ಟರ್ ರೈಲಿ 1997ರಲ್ಲೇ ಬರೆದಿದ್ದರು: ಯಂತ್ರವನ್ನು ಮಿತಿಮೀರಿ ನಂಬುವುದೂ ಅಪಾಯ, ನಂಬಬೇಕಾದಲ್ಲಿ ನಂಬದಿರುವುದೂ ಅಪಾಯ. ಎರಡನೆಯದು ನಮ್ಮ ಮನೆಯಲ್ಲೇ ಇದೆ. ನಮ್ಮ ಭಾವ ಕೊಂಡ ಹೊಸ ಕಾರಿನಲ್ಲಿ ಡಿಕ್ಕಿಯ ಎಚ್ಚರಿಕೆ ಕೊಡುವ ವ್ಯವಸ್ಥೆ ಇದೆ. ಮುಂದೆ ಸ್ಕೂಟರ್ ನುಸುಳಿದರೂ ಬೀಪ್, ಆಟೋ ತಿರುಗಿದರೂ ಬೀಪ್. ಎರಡು ವಾರದಲ್ಲಿ ಅವರು ಅದನ್ನು ಆಫ್ ಮಾಡಿದರು. ನಿಜವಾಗಿ ಬೇಕಾದ ದಿನ ಅದು ಬಾಯಿ ಬಿಡುವುದಿಲ್ಲ.

ವಿಮಾನದಲ್ಲೂ ಈ ಕಿರಿಕಿರಿ ಇತ್ತು. ಒಂದು ವಿಮಾನ ನಿಮಿಷಕ್ಕೆ 3,000 ಅಡಿ ಏರುತ್ತಾ ಬರುತ್ತಿದೆ, ಇನ್ನೊಂದು ವಿಮಾನಕ್ಕಿಂತ 1,000 ಅಡಿ ಕೆಳಗೆ ನಿಲ್ಲುವುದು ಅದರ ಉದ್ದೇಶ ಅಂದುಕೊಳ್ಳಿ. ಅದು ನಿಲ್ಲುತ್ತದೆ ಅಂತ ಪೈಲಟ್‌ಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅದು ಕೂಗುತ್ತದೆ. ಇಂಥ ಕೂಗು ಜಾಸ್ತಿಯಾದರೆ ಪೈಲಟ್ ‘ಇದು ಸುಮ್ನೆ ಕೂಗುತ್ತೆ’ ಅನ್ನಲು ಶುರುಮಾಡುತ್ತಾನೆ. ಅದಕ್ಕೇ ನಿಲ್ಲಬೇಕಾದ ಎತ್ತರಕ್ಕೆ ಕೊನೆಯ 1,000 ಅಡಿ ಉಳಿದಾಗ ವೇಗವನ್ನು ನಿಮಿಷಕ್ಕೆ 1,500 ಅಡಿಗಿಂತ ಕಡಿಮೆ ಮಾಡಿ ಅನ್ನುವ ಸಲಹೆ ಬಂತು. ಬರೀ ನಂಬಿ ಅನ್ನುವುದಕ್ಕಿಂತ, ನಂಬಿಕೆ ಕೆಡದ ಹಾಗೆ ಹಾರಿಸಿ ಅನ್ನುವುದು ನನಗೆ ದೊಡ್ಡ ಬುದ್ಧಿವಂತಿಕೆ ಅನಿಸುತ್ತದೆ. ಏರ್‌ಬಸ್ ಕಂಪನಿ ಎ380ಯಿಂದ ಶುರುಮಾಡಿ, ಆಟೋಪೈಲಟ್ಟೇ ಆರ್‌ಎ ಪಾಲಿಸುವ ವ್ಯವಸ್ಥೆಯನ್ನೂ ತಂದಿದೆ.

ಯಂತ್ರದ ಮಿತಿಗಳೂ ಪೈಲಟ್‌ಗೆ ಬಾಯಿಪಾಠ ಆಗಿರಬೇಕು. ‘ಟ್ರಾಫಿಕ್, ಟ್ರಾಫಿಕ್’ ಅಂದ ಮಾತ್ರಕ್ಕೆ ವಿಮಾನವನ್ನು ಅತ್ತಿತ್ತ ತಿರುಗಿಸಬಾರದು. ಎದುರಿನ ವಿಮಾನ ಯಾವ ದಿಕ್ಕಿಗಿದೆ ಅನ್ನುವುದನ್ನು ಟಿಕ್ಯಾಸ್ ಅಷ್ಟು ಖಚಿತವಾಗಿ ಅಳೆಯಲಾರದು. ಅದಕ್ಕೇ ಅದು ಎಡ ಬಲ ಹೇಳುವುದೇ ಇಲ್ಲ, ಮೇಲೆ ಕೆಳಗೆ ಮಾತ್ರ. ನೆಲಕ್ಕೆ ಬಡಿಯುವ ಎಚ್ಚರಿಕೆ ಬಂದರೆ ಅದರ ಮಾತೇ ಮೇಲು. ಎದುರಿನ ಟ್ರಾನ್ಸ್‌ಪಾಂಡರ್ ಕೆಲಸ ಮಾಡದಿದ್ದರೆ ಟಿಕ್ಯಾಸ್‌ಗೆ ಆ ವಿಮಾನವೇ ಕಾಣದು. 2006ರಲ್ಲಿ ಬ್ರೆಜಿಲ್‌ನಲ್ಲಿ ಹಾಗೆಯೇ 154 ಜನ ಸತ್ತರು. ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಅದು ಆರ್‌ಎ ಕೊಡುವುದಿಲ್ಲ. 2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಸೇನಾ ಹೆಲಿಕಾಪ್ಟರ್‌ಗೆ ಡಿಕ್ಕಿಯಾದ ವಿಮಾನದಲ್ಲಿ ‘ಟ್ರಾಫಿಕ್, ಟ್ರಾಫಿಕ್’ ಕೇಳಿಸಿತ್ತು. ಎತ್ತರ 300 ಅಡಿಯ ಆಸುಪಾಸು. ಮುಂದಿನ ಆಜ್ಞೆ ಬರುವ ಜಾಗವೇ ಅದಾಗಿರಲಿಲ್ಲ. 67 ಜನ ಹೋದರು.

ಮನುಷ್ಯ ಬೇಡವೇ ಬೇಡ ಅನ್ನುವ ಮಾತೂ ಇಲ್ಲ. 2022ರ ಜನವರಿ 7ರಂದು ಬೆಂಗಳೂರಿನಿಂದ ಹೆಚ್ಚುಕಡಿಮೆ ಒಟ್ಟಿಗೇ ಹಾರಿದ ಎರಡು ವಿಮಾನ ಒಂದರ ಕಡೆಗೆ ಒಂದು ವಾಲುತ್ತಿದ್ದವು. ಅಪಾಯ ಕಂಡು ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದು ರೇಡಾರ್ ನೋಡುತ್ತಿದ್ದ ಕಂಟ್ರೋಲರ್. ಟಿಕ್ಯಾಸ್ ಹೇಳಲಾಗದ ಎಡ ಬಲವನ್ನು ಅವರು ಹೇಳಿದರು. ಆರ್‌ಎ ಬರುವವರೆಗೂ ವಿಮಾನಗಳನ್ನು ದೂರ ಇಡುವುದು ಅವರ ಕೆಲಸವೇ. ಕೊನೆಯ ಅರ್ಧ ನಿಮಿಷ ಮಾತ್ರ ಯಂತ್ರದ್ದು.

ಆ ಅರ್ಧ ನಿಮಿಷದಲ್ಲಿ ಕಂಟ್ರೋಲರ್ ಏನು ಮಾಡಬೇಕು ಅನ್ನುವುದಕ್ಕೂ ನಿಯಮ ಇದೆ. ಪೈಲಟ್ ರೇಡಿಯೋದಲ್ಲಿ ‘ಟಿಕ್ಯಾಸ್ ಆರ್‌ಎ’ ಅನ್ನುತ್ತಾನೆ. ಕಂಟ್ರೋಲರ್ ‘ರೋಜರ್’ ಅನ್ನುತ್ತಾರೆ. ಆಮೇಲೆ ಆ ವಿಮಾನಕ್ಕೆ ಏರು, ಇಳಿ, ತಿರುಗು ಅಂತ ಒಂದು ಮಾತನ್ನೂ ಹೇಳುವ ಹಾಗಿಲ್ಲ. ಪರದೆ ನೋಡುತ್ತಾ ಕಾಯಬೇಕು. ಕಾಕ್‌ಪಿಟ್‌ನಲ್ಲಿ ‘ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್’ (ಅಪಾಯ ಕಳೆಯಿತು) ಅನ್ನುವ ದನಿ ಕೇಳಿ, ಪೈಲಟ್ ತನ್ನ ಎತ್ತರಕ್ಕೆ ಮರಳುತ್ತಿದ್ದೇನೆ ಅಂತ ತಿಳಿಸಿದ ಮೇಲೆಯೇ ಅವರು ಮತ್ತೆ ಆಜ್ಞೆ ಕೊಡುವುದು.