ಸ್ಲ್ಯಾಬ್ ಹತ್ತಿದ್ದಾಯ್ತು, ಇಳಿಯೋದು ಹೇಗೆ?

ಪ್ರಶ್ನೆ: ಬೋಲ್ಟ್ ಹಾಕಿರುವ ಸುಲಭದ ಸ್ಲ್ಯಾಬ್ (ಓರೆಯಾಗಿ ಮಲಗಿದ ಬಂಡೆ) ಹತ್ತಲು ಹೊರಟಿದ್ದೇವೆ. ಇಬ್ಬರೂ ಹೊಸಬರು. ಬಂಡೆ ಅಷ್ಟೇನೂ ಕಡಿದಾಗಿಲ್ಲ. ಇಳಿಯುವಾಗ ಹಗ್ಗ ಬೇಕೇ ಬೇಕಾ, ಸುಮ್ನೆ ನಡೆದು ಇಳಿಯಬಹುದಾ?

ಹತ್ತಿದ ಬಂಡೆಯ ಮೇಲೇ ಇಳಿಯುವುದಾದರೆ ಬೇಕೇ ಬೇಕು. ಸ್ಲ್ಯಾಬ್ ಮೇಲೆ ನಮ್ಮನ್ನು ನಿಲ್ಲಿಸುವುದು ಶೂ ರಬ್ಬರಿನ ಹಿಡಿತ. ಹತ್ತುವಾಗ ಕಾಲಿಡುವ ಜಾಗ ಕಣ್ಣೆದುರೇ ಇರುತ್ತದೆ. ಹಿಮ್ಮಡಿ ತಗ್ಗಿಸಿ, ಸೊಂಟವನ್ನು ಬಂಡೆಯಿಂದ ಸ್ವಲ್ಪ ದೂರ ಇಟ್ಟು, ಮೈಭಾರ ಪೂರ್ತಿ ಪಾದಕ್ಕೆ ಬಿಟ್ಟರೆ ಶೂ ಕಚ್ಚಿಕೊಳ್ಳುತ್ತದೆ. ಇಳಿಯುವಾಗ ಪಾದ ಸರಿಯಾಗಿ ಕಾಣುವುದಿಲ್ಲ. ಹೆದರಿ ಬಂಡೆಗೆ ಒರಗುತ್ತೇವೆ, ಆಗಲೇ ಕಾಲು ಜಾರುವುದು. ತುದಿಯಿಂದ ಬೇರೆ ಕಡೆ ನಡೆದು ಬರುವ ದಾರಿ ಇದೆ ಅಂತ ಮೊದಲೇ ಗೊತ್ತಿದ್ದರೆ ಅದನ್ನೇ ಹಿಡಿಯಿರಿ. ಇಲ್ಲವಾದರೆ ಹಗ್ಗದ ಮೇಲೆ ಭಾರ ಬಿಟ್ಟು ತಾವೇ ಇಳಿಯುವ ರ್‍ಯಾಪೆಲ್. ಮೊದಲ ಸಲ ಮಾತ್ರ ಬಲ್ಲವರೊಬ್ಬರು ಜೊತೆಗಿರಲೇಬೇಕು.

ಹಗ್ಗದ ಲೆಕ್ಕ ನೆಲದ ಮೇಲೇ ಮುಗಿಯಬೇಕು. ಕೊನೆಗೆ ಕೆಳಗಿನಿಂದ ಎಳೆದುಕೊಳ್ಳಲೆಂದು 60 ಮೀಟರ್ ಹಗ್ಗ ಮಡಿಸಿದರೆ ಸಿಗುವುದು 30 ಮೀಟರ್. ಆ್ಯಂಕರ್ (ತುದಿಯಲ್ಲಿ ಹಗ್ಗ ತೂರಿಸುವ ರಿಂಗುಗಳಿರುವ ಬೋಲ್ಟುಗಳು) 35 ಮೀಟರ್ ಎತ್ತರದಲ್ಲಿದ್ದರೆ ಹಗ್ಗ ನಡುವೆಯೇ ಮುಗಿಯುತ್ತದೆ. ಹಗ್ಗದ ತುದಿ ದಾಟಿ ಕೆಳಗೆ ಬಿದ್ದವರಲ್ಲಿ ಪಳಗಿದವರೂ ಇದ್ದಾರೆ. ಹಾಗಾಗಿ ಎರಡೂ ತುದಿಗೆ ಬೇರೆ ಬೇರೆ ಗಂಟು ಹಾಕಿ, ಪ್ರತಿ ಸಲ. ಸಂಗಾತಿ ಕೆಳಗಿನಿಂದ ಬಿಲೇ ಮಾಡಿ (ಹಗ್ಗವನ್ನು ಹಿಡಿತದಲ್ಲಿಟ್ಟು ಬಿಡುತ್ತಾ) ಇಳಿಸುವುದಾದರೂ ಅವರ ಕಡೆಯ ತುದಿಗೆ ಗಂಟು ಬೇಕು.

ನನಗೆ ಅತಿ ನಾಜೂಕು ಅನ್ನಿಸುವುದು ಆ್ಯಂಕರ್ ಹತ್ತಿರದ ಆ ಕೆಲವು ನಿಮಿಷ. ಹತ್ತಿದ ಖುಷಿಯಲ್ಲಿ ಗಮನ ತಪ್ಪುತ್ತದೆ, ಅಲ್ವಾ? ಮೊದಲು ಸೊಂಟಕ್ಕೆ ಕಟ್ಟಿದ ಹಾರ್ನೆಸ್ಸಿನ ಸೇಫ್ಟಿ ಸ್ಲಿಂಗನ್ನು (ಗಟ್ಟಿ ಪಟ್ಟಿ) ಆ್ಯಂಕರಿಗೆ ಕ್ಲಿಪ್ ಮಾಡಿ. ಎರಡೂ ಬೋಲ್ಟಿನ ಆಸರೆ ಇರಲಿ. ಹಗ್ಗ ಕೈಜಾರಿ ಹೋಗದಂತೆ ಅದರ ನಡುವಿನ ಒಂದು ಭಾಗವನ್ನು ನಿಮಗೇ ಕಟ್ಟಿಕೊಂಡು, ಆಮೇಲೆ ಹಾರ್ನೆಸ್ಸಿಗೆ ಕಟ್ಟಿದ್ದ ತುದಿಯನ್ನು ಬಿಚ್ಚಿ ರಿಂಗುಗಳೊಳಗೆ ತೂರಿಸಿ. ನಡುವಿನ ಗುರುತು ರಿಂಗಿಗೆ ಬರುವ ತನಕ ಎಳೆದು, ಎರಡೂ ತುದಿಗೆ ಆ ಗಂಟು ಹಾಕಿ. ಹಗ್ಗದ ಎರಡೂ ಎಳೆಗಳನ್ನು ಬ್ರೇಕ್ ಹಾಕುವ ಬಿಲೇ ಡಿವೈಸಿಗೆ ಹಾಕಿ, ಅದರ ಕೆಳಗೆ ಆ ಎಳೆಗಳಿಗೆ ತೆಳು ಹಗ್ಗದ ಬಳೆಯನ್ನು ಸುತ್ತಿ ಹಾರ್ನೆಸ್ಸಿಗೆ ಸೇರಿಸಿ. ಕೈ ಬಿಟ್ಟುಹೋದರೂ ಆ ಸುತ್ತು ಬಿಗಿದು ನಿಲ್ಲಿಸುತ್ತದೆ.

ಇನ್ನೂ ಸ್ಲಿಂಗ್ ತೆಗೆಯಬೇಡಿ. ಅದು ಸಡಿಲವಾಗುವಷ್ಟು ಹಗ್ಗದ ಮೇಲೆ ಭಾರ ಬಿಟ್ಟು ಕೂತು ನೋಡಿ. ಡಿವೈಸಿನ ಕ್ಯಾರಬೈನರ್ (ಲೋಹದ ಕೊಂಡಿ) ಎರಡೂ ಎಳೆಗಳನ್ನು ಹಿಡಿದಿದೆಯಾ? ಅದರ ಬಾಯಿ ಲಾಕ್ ಆಗಿದೆಯಾ? ಕಣ್ಣಲ್ಲಿ ನೋಡಿದ್ದು ಸಾಲದು, ಬೆರಳಲ್ಲಿ ಒತ್ತಿ ನೋಡಿ. ಆಮೇಲೆ ಸ್ಲಿಂಗ್ ತೆಗೆಯಿರಿ.

ಸ್ಲ್ಯಾಬಿನಲ್ಲಿ ಎಸೆದ ಹಗ್ಗ ನೇರ ಕೆಳಗೆ ಬೀಳುವುದಿಲ್ಲ. ಬಂಡೆಯ ಮೇಲೇ ಬಿದ್ದು ಸಿಕ್ಕಾಗುತ್ತದೆ. ಮೊದಲು ಇಳಿಯುವವರು ಸುರುಳಿಗಳನ್ನು ಹಾರ್ನೆಸ್ಸಿನ ಪಕ್ಕಕ್ಕೆ ನೇತುಹಾಕಿಕೊಂಡು ಬಿಡುತ್ತಾ ಹೋದರೆ ತಲೆನೋವು ಕಮ್ಮಿ. ಕಾಲು ಅಗಲ ಇಟ್ಟು, ಹಿಂದಕ್ಕೆ ವಾಲಿ, ನಿಧಾನ ನಡೆಯಿರಿ. ಜಿಗಿದರೆ ಆ್ಯಂಕರಿಗೆ ಸುಮ್ನೆ ಜಾಸ್ತಿ ಹೊರೆ.

ಇಬ್ಬರೂ ಕೆಳಗೆ ಬಂದ ಮೇಲೆ ಎರಡೂ ಗಂಟು ಬಿಚ್ಚಿ, ಆಮೇಲಷ್ಟೇ ಹಗ್ಗ ಎಳೆಯಿರಿ. ಮರೆತರೆ ಗಂಟು ರಿಂಗಿನಲ್ಲಿ ಸಿಕ್ಕಿ ಹಗ್ಗ ಮೇಲೇ ಉಳಿಯುತ್ತದೆ. ಹಗ್ಗ ಪೂರ್ತಿ ಕೆಳಗೆ ಬರುವ ತನಕ ಹೆಲ್ಮೆಟ್ ತಲೆ ಮೇಲೇ ಇರಲಿ, ಬರುವ ಹಗ್ಗ ಕಲ್ಲನ್ನೂ ತರಬಹುದು.